ಅರ್ಧ ಗಂಟೆ ಓಡಿ ನಿಲ್ಲುವ ಬೋಟಿನ ಜನರೇಟರ್: ದೋಷ ಹುಡುಕುವ ದಾರಿ

ಮಲ್ಪೆಯ ಬಂದರಿರಲಿ, ಮಂಗಳೂರಿನ ಧಕ್ಕೆಯಿರಲಿ, ಆಗಸ್ಟ್ ತಿಂಗಳ ಮೊದಲೆರಡು ವಾರ ಮೆಕ್ಯಾನಿಕ್‌ಗಳ ಕಿವಿಗೆ ಬೀಳುವ ದೂರು ಹೆಚ್ಚುಕಡಿಮೆ ಒಂದೇ. ಜನರೇಟರ್ ಒಂದೇ ಸಲಕ್ಕೆ ಚಾಲೂ ಆಗುತ್ತದೆ, ಚೆನ್ನಾಗಿಯೇ ಓಡುತ್ತದೆ, ಅರ್ಧ ಗಂಟೆಯಾಗುವಷ್ಟರಲ್ಲಿ ನಿಂತುಬಿಡುತ್ತದೆ. ಹತ್ತು ನಿಮಿಷ ಬಿಟ್ಟು ಕೀಲಿ ತಿರುಗಿಸಿದರೆ ಏನೂ ಆಗಿಲ್ಲವೆಂಬಂತೆ ಮತ್ತೆ ಓಡುತ್ತದೆ. ಪೂರ್ತಿ ಕೆಟ್ಟು ಕುಳಿತ ಯಂತ್ರವನ್ನು ಸರಿಪಡಿಸುವುದು ಸುಲಭ. ಹೀಗೆ ಆಗಾಗ ಕೈಕೊಡುವುದೇ ಕಾಡುವುದು, ಏಕೆಂದರೆ ನೋಡಲು ಜನ ಬಂದಾಗ ಅದಕ್ಕೆ ಯಾವ ರೋಗವೂ ಇರುವುದಿಲ್ಲ.

ಆಗ ಸಾಮಾನ್ಯವಾಗಿ ನಡೆಯುವುದು ಇಷ್ಟು: ಮೊದಲು ಡೀಸೆಲ್ ಫಿಲ್ಟರ್ ಬದಲಾಯಿಸುತ್ತಾರೆ, ಆಮೇಲೆ ಟ್ಯಾಂಕಿನಿಂದ ಡೀಸೆಲ್ ಎಳೆಯುವ ಫೀಡ್ ಪಂಪ್, ಆಮೇಲೆ ಸಿಲಿಂಡರಿಗೆ ಡೀಸೆಲ್ ಸಿಂಪಡಿಸುವ ನಾಜಲ್ ಬಿಚ್ಚಿ ಪರೀಕ್ಷೆಗೆ ಕಳುಹಿಸುತ್ತಾರೆ. ದುಡ್ಡು ಹೋಗುತ್ತದೆ, ದೋಷ ಉಳಿಯುತ್ತದೆ. ಸ್ಪ್ಯಾನರ್ ಹಿಡಿಯುವ ಮೊದಲು ಎರಡು ಪ್ರಶ್ನೆಗಳಿಗೆ ಉತ್ತರ ಪಡೆದರೆ ಈ ಅಲೆದಾಟದಲ್ಲಿ ಮುಕ್ಕಾಲು ಪಾಲು ತಪ್ಪುತ್ತದೆ. ಯಂತ್ರ ಹೇಗೆ ನಿಂತಿತು? ಎಲ್ಲಿ ನಿಂತಿತು?

ಇಲ್ಲಿ ಹೇಳುವುದೆಲ್ಲ ನಿಮಿಷಕ್ಕೆ 1500 ಸುತ್ತು ತಿರುಗುವ, ಕಡಲ ನೀರಿನಿಂದ ತಂಪಾಗುವ, ಹಳೆಯ ಮಾದರಿಯ ಡೀಸೆಲ್ ಪಂಪ್ ಇರುವ ಸಣ್ಣ ಜನರೇಟರ್‌ಗಳಿಗೆ ಸಂಬಂಧಿಸಿದ್ದು. ಕಂಪ್ಯೂಟರ್ ನಿಯಂತ್ರಣದ ಕಾಮನ್ ರೇಲ್ ಎಂಜಿನ್ ಆಗಿದ್ದರೆ ಹುಡುಕುವ ಕ್ರಮ ಇದೇ ಆದರೂ ಡೀಸೆಲ್ ಪೈಪ್‌ಗಳನ್ನು ಸಡಿಲಿಸುವ ಕೆಲಸಕ್ಕೆ ಕೈಹಾಕಬೇಡಿ. ಅಲ್ಲಿನ ಒತ್ತಡ ಕೈಯ ಚರ್ಮವನ್ನು ಸೀಳಿ ಒಳಹೊಗುವಷ್ಟಿರುತ್ತದೆ.

ಹೇಗೆ ನಿಂತಿತು?

ಕೇಳುವುದಕ್ಕೂ ಒಂದು ರೀತಿ ಇದೆ. “ಏನಾಯಿತು?” ಎಂದರೆ “ನಿಂತಿತು” ಎಂಬ ಉತ್ತರವೇ ಬರುವುದು. ಬೋಟು ನಡೆಸುವ ತಾಂಡೇಲರೊಂದಿಗೆ ಮಾತು ಹೀಗೆ ಸಾಗಬೇಕು:

“ನಿಲ್ಲುವ ಮೊದಲು ಬಲ್ಬ್ ಮಿಣುಕಿತೇ ಮಾರಾಯರೇ, ಇಲ್ಲ ಒಮ್ಮೆಲೇ ಕತ್ತಲೆಯೇ?”

“ಎರಡು ಮೂರು ಸಲ ಮಂಕಾಗಿ ಮತ್ತೆ ಬೆಳಗಿತು. ಸದ್ದೂ ಏರಿಳಿಯುತ್ತಿತ್ತು.”

“ಹೊಗೆ?”

“ಹೊಗೆ ಇರಲಿಲ್ಲ.”

ಇಷ್ಟು ಸಾಕು, ಅರ್ಧ ಕೆಲಸ ಮುಗಿಯಿತು. ಸದ್ದು ಏರಿಳಿದು, ಬೆಳಕು ಮಿಣುಕಿ, ಕೊನೆಗೆ ಉಸಿರು ಕಟ್ಟಿದಂತೆ ನಿಂತರೆ ಎಂಜಿನ್‌ಗೆ ಡೀಸೆಲ್ ಸಾಲುತ್ತಿಲ್ಲ. ಯಾವ ಸೂಚನೆಯೂ ಇಲ್ಲದೆ, ಕೀಲಿ ತಿರುಗಿಸಿ ನಿಲ್ಲಿಸಿದಷ್ಟೇ ಅಚ್ಚುಕಟ್ಟಾಗಿ ನಿಂತರೆ ಯಾರೋ ನಿಲ್ಲಿಸಿದ್ದಾರೆ ಎಂದೇ ಅರ್ಥ. ಆ ‘ಯಾರೋ’ ಎಂದರೆ ಬಿಸಿಯ ಸ್ವಿಚ್, ಆಯಿಲ್ ಒತ್ತಡದ ಸ್ವಿಚ್, ಇಲ್ಲವೇ ಡೀಸೆಲ್ ತಡೆದು ಎಂಜಿನ್ ನಿಲ್ಲಿಸುವ ಸ್ಟಾಪ್ ಸೊಲೆನಾಯ್ಡ್‌ಗೆ ಹೋಗುವ ಒಂದು ಸಡಿಲ ತಂತಿ. ಕಪ್ಪು ಹೊಗೆ ಉಗುಳುತ್ತಾ, ಏದುಸಿರು ಬಿಡುತ್ತಾ ನಿಂತರೆ ಗಾಳಿ ಸಾಲದು, ಹೊಗೆ ಹೊರಹೋಗುತ್ತಿಲ್ಲ ಅಥವಾ ಹೊರೆ ಮಿತಿಮೀರಿದೆ. ನಾಲ್ಕನೆಯದು ಬೇರೆಯೇ ಕಥೆ: ಎಂಜಿನ್ ಓಡುತ್ತಲೇ ಇದೆ, ಕರೆಂಟ್ ಮಾತ್ರ ಇಲ್ಲ. ಅದಕ್ಕೆ ಡೀಸೆಲ್ ಫಿಲ್ಟರ್ ಬದಲಾಯಿಸಿದವರನ್ನೂ ನೋಡಿದ್ದೇನೆ.

ಎಲ್ಲಿ ನಿಂತಿತು?

ಇದನ್ನು ಕೇಳುವವರು ಕಡಿಮೆ. ಧಕ್ಕೆಯಲ್ಲಿ ಕಟ್ಟಿದ್ದಾಗ ಎಷ್ಟು ಹೊತ್ತಾದರೂ ಓಡುವ ಜನರೇಟರ್ ಅಳಿವೆ ದಾಟಿ ಅಲೆಗೆ ಸಿಕ್ಕ ಮೇಲೆ ನಿಲ್ಲುತ್ತದೆಯೇ? ಹಾಗಾದರೆ ಟ್ಯಾಂಕಿನ ತಳದಲ್ಲಿ ಮಲಗಿದ್ದ ಕೊಳೆಯೂ ನೀರೂ ಬೋಟಿನ ಓಲಾಟಕ್ಕೆ ಎದ್ದಿವೆ ಎಂದು ಮೊದಲು ಸಂಶಯಪಡಿ. ಇದಕ್ಕೆ ವಿರುದ್ಧವಾಗಿ, ಬಂದರಿನೊಳಗೆ ಬಿಸಿಯಾಗಿ ನಿಂತು, ಹೊರ ಕಡಲಿನಲ್ಲಿ ಸರಿಯಾಗಿ ಓಡಿದರೆ ನೀರು ಒಳಬರುವ ತಳದ ಬಾಯಿಗೆ ಏನೋ ಅಂಟುತ್ತಿದೆ. ಬಂದರಿನ ನೀರಿನಲ್ಲಿ ತೇಲುವ ಪ್ಲಾಸ್ಟಿಕ್ ಚೀಲ, ಬಲೆಯ ತುಂಡು, ಹೊಳೆ ತಂದ ಕೆಸರು ಯಾವುದೂ ಆಗಬಹುದು. ಯಂತ್ರ ನಿಂತೊಡನೆ ಎಳೆತ ನಿಂತು ಚೀಲ ಕಳಚಿಕೊಳ್ಳುತ್ತದೆ. ನೀವು ಪೈಪ್ ಬಿಚ್ಚಿ ನೋಡುವಾಗ ನೀರು ಧಾರಾಳವಾಗಿ ಬರುತ್ತದೆ, ದೋಷ ಇಲ್ಲವೆಂದು ಮನೆಗೆ ಹೋಗುತ್ತೀರಿ.

ಇಂಥದೇ ಇನ್ನೊಂದು ಬಲೆ ಇದೆ. ಜನರೇಟರ್ ಕೂತಿರುವ ಕೋಣೆಯ ಮುಚ್ಚಳ ಮುಚ್ಚಿದ್ದಾಗ ಮಾತ್ರ ಅದು ನಿಲ್ಲುತ್ತಿದ್ದರೆ ದೋಷ ಎಂಜಿನ್‌ನಲ್ಲಿಲ್ಲ, ಕೋಣೆಯಲ್ಲಿದೆ. ಮೆಕ್ಯಾನಿಕ್ ಇಳಿಯಬೇಕಾದರೆ ಮುಚ್ಚಳ ತೆಗೆಯಲೇಬೇಕು, ತೆಗೆದೊಡನೆ ಗಾಳಿ ಸಿಗುತ್ತದೆ, ಯಂತ್ರ ಓಡುತ್ತದೆ. ಆದ್ದರಿಂದ ಪರೀಕ್ಷಿಸುವಾಗ ಮುಚ್ಚಳ ಹಾಕಿ, ಪಂಪು, ಫ್ರಿಜ್, ದೀಪ ಎಂದು ನಿಜವಾದ ಹೊರೆಯನ್ನೇ ಕೊಟ್ಟು, ಹೊರಗೆ ನಿಂತು ಕಾಯಿರಿ. ಒಳಗೆ ಕುಳಿತು ಕಾಯಬಾರದು. ಹೊಗೆ ಕೊಳವೆಯಲ್ಲಿ ಸಣ್ಣ ಸೋರಿಕೆಯಿದ್ದರೂ ಮುಚ್ಚಿದ ಕೋಣೆಯಲ್ಲಿ ಕಾರ್ಬನ್ ಮೋನಾಕ್ಸೈಡ್ ತುಂಬುತ್ತದೆ. ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.

ಡೀಸೆಲ್ ದಾರಿ

ಕರಾವಳಿಯ ಯಾಂತ್ರೀಕೃತ ಬೋಟುಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ ಮೀನುಗಾರಿಕೆ ನಿಷೇಧ. ಮಳೆಗಾಲದ ಈ ಎರಡು ತಿಂಗಳು ಟ್ಯಾಂಕ್ ಅರ್ಧ ಖಾಲಿಯಾಗಿದ್ದರೆ ಮೇಲಿನ ಖಾಲಿ ಜಾಗದಲ್ಲಿ ತೇವದ ಗಾಳಿ ತುಂಬಿರುತ್ತದೆ. ರಾತ್ರಿ ತಂಪಾದಾಗ ಅದು ಟ್ಯಾಂಕಿನ ಗೋಡೆಯಲ್ಲಿ ಹನಿಗಟ್ಟಿ ಕೆಳಗಿಳಿಯುತ್ತದೆ. ನೀರು ಡೀಸೆಲ್‌ಗಿಂತ ಭಾರ, ತಳದಲ್ಲಿ ನಿಲ್ಲುತ್ತದೆ. ನೀರೂ ಡೀಸೆಲ್ಲೂ ಸಂಧಿಸುವ ಆ ಪದರದಲ್ಲಿ ಬ್ಯಾಕ್ಟೀರಿಯಾ, ಶಿಲೀಂಧ್ರ ಬೆಳೆಯುತ್ತವೆ. ಡೆಕ್ ಮೇಲಿನ ಟ್ಯಾಂಕ್ ಮುಚ್ಚಳದ ರಬ್ಬರ್ ವಾಷರ್ ಹಳತಾಗಿದ್ದರೆ ಮಳೆನೀರೂ ನೇರ ಒಳಗೇ ಇಳಿಯುತ್ತದೆ. ಆಗಸ್ಟ್ ತಿಂಗಳಿನಲ್ಲೇ ಈ ದೂರು ಹೆಚ್ಚುವುದಕ್ಕೆ ಕಾರಣ ಇದು.

ನೋಡುವ ಬಗೆ ಸರಳ. ಬಣ್ಣವಿಲ್ಲದ ಗಾಜಿನ ಬಾಟಲಿಯೊಂದನ್ನು ತೊಳೆದು ಒಣಗಿಸಿ. ನೀರು ಬೇರ್ಪಡಿಸುವ ಮೊದಲ ಫಿಲ್ಟರಿನ ತಳದ ತಿರುಪನ್ನು ಸಡಿಲಿಸಿ ಬಾಟಲಿ ಮುಕ್ಕಾಲು ತುಂಬುವಷ್ಟು ಹಿಡಿಯಿರಿ. ಅಲುಗಾಡದ ಜಾಗದಲ್ಲಿ ಒಂದು ಗಂಟೆ ಇಟ್ಟು ಬೆಳಕಿಗೆ ಹಿಡಿದರೆ ಎಲ್ಲವೂ ಕಾಣುತ್ತದೆ. ತಳದಲ್ಲಿ ಗೆರೆ ಎಳೆದಂತೆ ಬೇರೆಯಾಗಿ ನಿಂತಿರುವುದು ನೀರು. ಡೀಸೆಲ್ ತಿಳಿಯಾಗದೆ ಮಬ್ಬಾಗಿಯೇ ಉಳಿದರೆ ಅದರಲ್ಲಿ ನೀರು ಬೆರೆತಿದೆ. ಎರಡರ ನಡುವೆ, ತಣ್ಣಗಾದ ಗಂಜಿಯ ಮೇಲಿನ ಕೆನೆಯಂತೆ, ಕಂದು ಅಥವಾ ಕಪ್ಪು ಪೊರೆಯೊಂದು ತೇಲಿ ಬಾಟಲಿ ಓರೆ ಮಾಡಿದಾಗ ಮಡಚಿಕೊಂಡರೆ ಅದೇ ಆ ಬೆಳವಣಿಗೆ. ಫಿಲ್ಟರಿನ ಕಾಗದಕ್ಕೆ ಅಂಟಿ ಉಸಿರು ಕಟ್ಟಿಸುವುದು ಅದು. ಯಂತ್ರ ನಿಂತು ಎಳೆತ ಕಡಿಮೆಯಾದಾಗ ಪೊರೆ ಸ್ವಲ್ಪ ಕಳಚುತ್ತದೆ, ಹತ್ತು ನಿಮಿಷದ ಮೇಲೆ ಮತ್ತೆ ಓಡುತ್ತದೆ. ‘ಬಿಟ್ಟು ಬಿಟ್ಟು ಓಡುವ’ ಗುಟ್ಟು ಇಲ್ಲಿದೆ.

ಬಾಟಲಿಯಲ್ಲಿ ಏನೂ ಕಾಣದಿದ್ದರೆ ಡೀಸೆಲ್ ದಾರಿ ಸರಿಯಿದೆ ಎಂದು ತೀರ್ಮಾನಿಸಬೇಡಿ. ಈಗ ಮಾಡಬೇಕಾದದ್ದು ಕ್ಯಾನ್ ಪರೀಕ್ಷೆ. ಇಡೀ ಬರಹದಲ್ಲಿ ಒಂದೇ ಒಂದು ಪರೀಕ್ಷೆ ನೆನಪಿಡುವುದಾದರೆ ಇದನ್ನು ನೆನಪಿಡಿ. ಶುದ್ಧ ಡೀಸೆಲ್ ತುಂಬಿದ ಕ್ಯಾನ್ ಒಂದನ್ನು ಜನರೇಟರ್ ಪಕ್ಕ, ಬಿಸಿ ಭಾಗಗಳಿಂದ ದೂರ, ಉರುಳದಂತೆ ಕಟ್ಟಿಡಿ. ಟ್ಯಾಂಕಿನಿಂದ ಬರುವ ಪೈಪನ್ನು ಫೀಡ್ ಪಂಪಿನ ಬಾಯಲ್ಲಿ ಬಿಚ್ಚಿ, ಆ ಜಾಗಕ್ಕೆ ಪಾರದರ್ಶಕ ಹೋಸ್ ಹಾಕಿ ಅದರ ಇನ್ನೊಂದು ತುದಿಯನ್ನು ಕ್ಯಾನಿನಲ್ಲಿ ಮುಳುಗಿಸಿ. ನಾಜಲ್‌ಗಳಿಂದ ಮರಳುವ ಪೈಪನ್ನೂ ಕ್ಯಾನಿಗೇ ಬಿಡಿ, ಇಲ್ಲದಿದ್ದರೆ ಕ್ಯಾನ್ ಬೇಗನೆ ಖಾಲಿಯಾಗಿ ನೀವೇ ಹೊಸ ದೋಷ ಸೃಷ್ಟಿಸಿದಂತಾಗುತ್ತದೆ. ಏರ್ ತೆಗೆದು, ಅಂದರೆ ಪೈಪಿನಲ್ಲಿ ಸೇರಿದ ಗಾಳಿಯನ್ನು ಹೊರಬಿಟ್ಟು, ಚಾಲೂ ಮಾಡಿ, ಹೊರೆ ಕೊಡಿ. ನಿಲ್ಲುತ್ತಿದ್ದ ಸಮಯ ದಾಟಿಯೂ ಓಡಿದರೆ ಪಂಪು, ನಾಜಲ್, ಎಂಜಿನ್ ಎಲ್ಲ ನಿರಪರಾಧಿಗಳು. ದೋಷ ಪಂಪಿನಿಂದ ಹಿಂದಕ್ಕೆ, ಟ್ಯಾಂಕಿನವರೆಗಿನ ದಾರಿಯಲ್ಲಿದೆ. ಕ್ಯಾನಿನಲ್ಲೂ ನಿಂತರೆ ಪಂಪಿನಿಂದ ಮುಂದಕ್ಕೆ ಹುಡುಕಿ: ಎಂಜಿನ್ ಮೇಲಿನ ಎರಡನೇ ಫಿಲ್ಟರ್, ಫೀಡ್ ಪಂಪಿನ ಡಯಾಫ್ರಾಮ್, ಅದರ ಬಾಯಲ್ಲಿ ಅಡಗಿರುವ ಸಣ್ಣ ಜಾಲರಿ. ಈ ಜಾಲರಿ ಇದೆಯೆಂದೇ ಹಲವರಿಗೆ ಗೊತ್ತಿಲ್ಲ.

ದೋಷ ಟ್ಯಾಂಕಿನ ಕಡೆ ಎಂದಾದರೆ ನೋಡಬೇಕಾದದ್ದು ಮೂರು. ಯಂತ್ರ ನಿಲ್ಲುವ ಹೊತ್ತಿಗೆ ಟ್ಯಾಂಕಿನ ಮುಚ್ಚಳ ತಿರುಗಿಸಿ. ಗಾಳಿ ‘ಸುಯ್’ ಎಂದು ಒಳಹೊಕ್ಕರೆ ಟ್ಯಾಂಕಿನ ಗಾಳಿ ಕೊಳವೆ ಕಟ್ಟಿದೆ. ಉಪ್ಪು ಗಟ್ಟಿಯಾಗಿ, ಬಣ್ಣ ಬಳಿಯುವಾಗ ಬಾಯಿ ಮುಚ್ಚಿಹೋಗಿ, ಕಣಜದ ಹುಳು ಮಣ್ಣಿನ ಗೂಡು ಕಟ್ಟಿ ಹೀಗಾಗುವುದುಂಟು. ರಜೆಯಲ್ಲಿ ಬೋಟಿಗೆ ಹೊಸ ಬಣ್ಣ ಬಳಿದಿದ್ದರೆ ಮೊದಲು ನೋಡಬೇಕಾದದ್ದೇ ಇದು. ಎರಡನೆಯದು ಟ್ಯಾಂಕಿನೊಳಗೆ ಇಳಿದಿರುವ ಹೀರು ಕೊಳವೆಯ ತುದಿ. ಅಲ್ಲಿ ಬಟ್ಟೆಯ ಎಳೆಯೋ ಸೀಲಿಂಗ್ ಟೇಪಿನ ಚೂರೋ ಬಂದು ಕೂರುತ್ತದೆ, ಎಳೆತ ನಿಂತಾಗ ಬಿದ್ದುಹೋಗುತ್ತದೆ. ಟ್ಯಾಂಕಿನ ಕಡೆಗೆ ಕೈಪಂಪಿನಿಂದ ಮೆಲ್ಲಗೆ ಗಾಳಿ ಊದಿ ಗುಳುಗುಳು ಸದ್ದು ಕೇಳಿಸಿಕೊಳ್ಳಿ. ಸದ್ದು ಬರಲು ತಡವಾದರೆ ಅಡ್ಡಿ ಇದೆ.

ಮೂರನೆಯದು ಗಾಳಿ ಎಳೆಯುವ ಸಂದು, ಇದೇ ಅತ್ಯಂತ ಕಳ್ಳ. ಪಂಪಿನ ಮುಂದಿನ ಪೈಪ್ ಸೋರಿದರೆ ಡೀಸೆಲ್ ತೊಟ್ಟಿಕ್ಕುತ್ತದೆ, ಕಣ್ಣಿಗೆ ಕಾಣುತ್ತದೆ. ಪಂಪಿನ ಹಿಂದಿನ ಪೈಪ್ ಸೋರಿದರೆ ಒಂದು ಹನಿಯೂ ಹೊರಬರುವುದಿಲ್ಲ, ಅದರ ಬದಲು ಗಾಳಿ ಒಳಹೋಗುತ್ತದೆ. ಎಲ್ಲ ಒಣಗಿ ಸ್ವಚ್ಛವಾಗಿರುವ ಪೈಪಿನ ಮೇಲೆ ಯಾರಿಗೆ ಅನುಮಾನ ಬರುತ್ತದೆ? ಕ್ಯಾನ್ ಪರೀಕ್ಷೆಗೆ ಬಳಸಿದ ಪಾರದರ್ಶಕ ಹೋಸಿನ ಮೊಳದುದ್ದದ ತುಂಡನ್ನು ಫೀಡ್ ಪಂಪಿನ ಹಿಂದೆ ಸೇರಿಸಿ ಟಾರ್ಚ್ ಹಿಡಿಯಿರಿ. ಗುಳ್ಳೆಗಳು ಸಾಲಾಗಿ ಹರಿಯುವುದು ಕಂಡರೆ ಹಿಂದಿನ ಒಂದೊಂದು ಕೀಲನ್ನೂ ಬಿಗಿಮಾಡುತ್ತಾ ಹೋಗಿ. ಪೈಪ್ ಜೋಡಿಸುವ ತೂತಿನ ಬೋಲ್ಟ್, ಅಂದರೆ ಬಾಂಜೋ ಬೋಲ್ಟ್‌ನ ತಾಮ್ರದ ವಾಷರ್‌ಗಳನ್ನು ಬಿಚ್ಚಿದಾಗಲೆಲ್ಲ ಹೊಸದು ಹಾಕುವುದೇ ಲೇಸು. ಫಿಲ್ಟರಿನ ರಬ್ಬರ್ ರಿಂಗ್ ತಿರುಚಿಕೊಂಡು ಕೂತಿದ್ದರೂ ಇದೇ ಫಲ. ಹೊಸ ಫಿಲ್ಟರ್ ಹಾಕಿದ ಮೇಲೆ ಶುರುವಾದ ದೋಷಕ್ಕೆ ಬಹುಪಾಲು ಆ ರಿಂಗೇ ಕಾರಣ. ಕೆಲಸ ಮುಗಿದ ಮೇಲೆ ಪಾರದರ್ಶಕ ತುಂಡನ್ನು ಮರೆಯದೆ ತೆಗೆದು, ಡೀಸೆಲ್‌ಗೆ ತಕ್ಕ ಹೋಸ್ ಹಾಕಿ. ಬಿಸಿಗೆ ಪಾರದರ್ಶಕ ಹೋಸ್ ಮೆತ್ತಗಾಗಿ ಕಳಚಿದರೆ ಬೆಂಕಿಗೆ ದಾರಿ.

ಏರ್ ತೆಗೆಯುವ ಕ್ರಮ ಎಲ್ಲರಿಗೂ ಗೊತ್ತಿರುವುದೇ. ಮೊದಲು ಫಿಲ್ಟರಿನ ತಿರುಪು, ಆಮೇಲೆ ಡೀಸೆಲ್ ಪಂಪಿನ ತಿರುಪು, ಕೊನೆಗೆ ಬೇಕಾದರೆ ಮಾತ್ರ ನಾಜಲ್ ನಟ್. ಆದರೆ ಒಂದು ಎಚ್ಚರಿಕೆ ಬೋಟಿಗೆ ಮಾತ್ರ ಸಂಬಂಧಿಸಿದ್ದು. ಹೊಗೆಯೊಂದಿಗೆ ಕಡಲ ನೀರೂ ಹೊರಹೋಗುವ ವ್ಯವಸ್ಥೆಯಿದ್ದರೆ, ಎಂಜಿನ್ ಹಿಡಿಯದೆ ಸೆಲ್ಫ್ ಹೊಡೆಯುತ್ತಲೇ ಇರಬಾರದು. ನೀರಿನ ಪಂಪ್ ನೀರು ತಳ್ಳುತ್ತಲೇ ಇರುತ್ತದೆ, ಹೊರಗೆ ನೂಕಲು ಹೊಗೆಯ ಒತ್ತಡ ಇರುವುದಿಲ್ಲ. ಸೈಲೆನ್ಸರ್ ತುಂಬಿ ನೀರು ಹಿಂದಕ್ಕೆ ಬಂದು ಸಿಲಿಂಡರ್ ಸೇರಿದರೆ ನೂರು ರೂಪಾಯಿಯ ದೋಷ ಪೂರ್ತಿ ಎಂಜಿನ್ ಬಿಚ್ಚುವ ಕೆಲಸವಾಗುತ್ತದೆ. ಮೂರ್ನಾಲ್ಕು ಸಲಕ್ಕಿಂತ ಹೆಚ್ಚು ಸೆಲ್ಫ್ ಹೊಡೆಯಬೇಕಾದರೆ ಕಡಲ ನೀರು ಒಳಬರುವ ತಳದ ವಾಲ್ವ್ ಮುಚ್ಚಿ. ಎಂಜಿನ್ ಹಿಡಿದ ತಕ್ಷಣ ತೆರೆಯಿರಿ. ತೆರೆಯುವುದಕ್ಕೆಂದೇ ಒಬ್ಬ ಕಲಾಸಿಯನ್ನು (ಬೋಟಿನ ಕೆಲಸಗಾರನನ್ನು) ವಾಲ್ವ್ ಬಳಿ ಕೂರಿಸಿ.

ನೀರಿನ ದಾರಿ

ಅಚ್ಚುಕಟ್ಟಾಗಿ ನಿಂತ ಯಂತ್ರದಲ್ಲಿ ಮೊದಲ ಅನುಮಾನ ಬಿಸಿಯ ಮೇಲೆ. ಹೊಗೆ ಕೊಳವೆಯಿಂದ ಹೊರಬೀಳುವ ನೀರನ್ನು ದಿನವೂ ನೋಡುವವರಿಗೆ ಮೀಟರೇ ಬೇಡ. ಧಾರೆ ಸಣ್ಣದಾಗಿ, ಹೊಗೆಯ ಸದ್ದು ಒಣಗಿ ಗಡುಸಾಗಿ, ಬಿಳಿ ಆವಿ ಏಳತೊಡಗಿದರೆ ನೀರು ಸಾಲದು. ಈ ಆವಿಗೆ ವಾಸನೆ ಇರುವುದಿಲ್ಲ. ಕಣ್ಣುರಿಸುವ ಬಿಳಿ ಹೊಗೆಯಾದರೆ ಅದು ಉರಿಯದ ಡೀಸೆಲ್, ಆಗ ನೋಡಬೇಕಾದದ್ದು ನಾಜಲ್ ಕಡೆ.

ಹುಡುಕಾಟ ಕಡಲಿನಿಂದ ಒಳಗೆ ಬರಲಿ. ತಳದ ವಾಲ್ವ್ ಮುಚ್ಚಿ, ಹೋಸ್ ಬಿಚ್ಚಿ, ಮತ್ತೆ ಸ್ವಲ್ಪ ತೆರೆದರೆ ನೀರು ಚಿಮ್ಮಬೇಕು. ಹೊಳೆಯ ಬಾಯಿಯಲ್ಲಿ ತಿಂಗಳುಗಟ್ಟಲೆ ನಿಂತ ಬೋಟುಗಳಲ್ಲಿ ವಾಲ್ವಿನ ಒಳಗೂ ಚಿಪ್ಪು ಬೆಳೆದು ದಾರಿ ಕಿರಿದಾಗಿರುತ್ತದೆ. ಅಲ್ಲಿ ಸರಿಯಿದ್ದರೆ ಜಾಲರಿ, ಆಮೇಲೆ ಪಂಪಿನೊಳಗೆ ತಿರುಗಿ ನೀರು ತಳ್ಳುವ ರಬ್ಬರ್ ರೆಕ್ಕೆಚಕ್ರ, ಅಂದರೆ ಇಂಪೆಲ್ಲರ್.

ಇಂಪೆಲ್ಲರ್ ಹೊರತೆಗೆದಾಗ ಅದರ ರೆಕ್ಕೆಗಳನ್ನು ಎಣಿಸಿ. ಒಂದು ರೆಕ್ಕೆ ಬುಡಕ್ಕೆ ಮುರಿದಿದ್ದರೆ ಹೊಸ ಇಂಪೆಲ್ಲರ್ ಹಾಕಿ ಕೈತೊಳೆದುಕೊಳ್ಳುವುದು ದೊಡ್ಡ ತಪ್ಪು. ಮುರಿದ ತುಂಡು ಎಲ್ಲಿಗೆ ಹೋಯಿತು? ನೀರು ಹೋದ ಕಡೆಗೇ. ಕಡಲ ನೀರಿನಿಂದ ಎಂಜಿನ್ ನೀರನ್ನು ತಂಪಾಗಿಸುವ ಹೀಟ್ ಎಕ್ಸ್‌ಚೇಂಜರಿನ ಮುಚ್ಚಳ ತೆಗೆದರೆ ಸಣ್ಣ ಕೊಳವೆಗಳ ಬಾಯಿಯ ಮೇಲೆ ಅದು ಒರಗಿ ಕೂತಿರುವುದು ಕಾಣುತ್ತದೆ, ಪಕ್ಕದಲ್ಲಿ ಹಿಂದಿನ ಸಲದ ಎರಡು ತುಂಡುಗಳೂ ಸಿಗಬಹುದು. ಎಲ್ಲ ತುಂಡು ಲೆಕ್ಕಕ್ಕೆ ಸಿಗುವವರೆಗೆ ಮುಚ್ಚಳ ಹಾಕಬೇಡಿ. ರೆಕ್ಕೆಗಳು ಮುರಿಯದೆ ಒಂದೇ ಕಡೆಗೆ ಬಾಗಿ ಹಾಗೆಯೇ ಗಟ್ಟಿಯಾಗಿದ್ದರೂ ಇಂಪೆಲ್ಲರ್ ಮುಗಿದಂತೆ. ಎರಡು ತಿಂಗಳು ಅಲುಗದೆ ನಿಂತ ಪಂಪಿನಲ್ಲಿ ಹೀಗಾಗುವುದು ಸಹಜ. ರಜೆ ಶುರುವಾಗುವಾಗ ಇಂಪೆಲ್ಲರ್ ತೆಗೆದು ಡಬ್ಬಿಯಲ್ಲಿಡುವ ತಾಂಡೇಲರು ಜಾಣರು.

ಹೀಟ್ ಎಕ್ಸ್‌ಚೇಂಜರ್ ಬಿಚ್ಚಿದಾಗ ಸತುವಿನ ಕಡ್ಡಿಯನ್ನೂ ನೋಡಿ. ಅರ್ಧ ಸವೆದಿದ್ದರೆ ಬದಲಾಯಿಸಿ. ಅದು ಸವೆಯುವುದಕ್ಕಾಗಿಯೇ ಇರುವುದು, ಸವೆಯಲು ಕಡ್ಡಿ ಉಳಿಯದಿದ್ದರೆ ಉಪ್ಪುನೀರು ಕೊಳವೆಗಳನ್ನೇ ತಿನ್ನುತ್ತದೆ. ಎಂಜಿನ್ ನೀರು ತುಂಬುವ ರೇಡಿಯೇಟರ್ ಮುಚ್ಚಳವನ್ನು ಮಾತ್ರ ಯಂತ್ರ ಪೂರ್ತಿ ತಣಿಯುವವರೆಗೆ ಮುಟ್ಟಬಾರದು.

ಇಷ್ಟೆಲ್ಲ ಸರಿಯಿದ್ದೂ ಬಿಸಿಯಾಗಿ, ಜೊತೆಗೆ ಕಪ್ಪು ಹೊಗೆಯೂ ಬಂದರೆ ನೀರೂ ಹೊಗೆಯೂ ಸೇರುವ ಮೊಣಕೈ ಕೊಳವೆಯನ್ನು ಬಿಚ್ಚಿ. ಮಸಿ ಮತ್ತು ಉಪ್ಪು ಸೇರಿ ಒಳಗೆ ಕಲ್ಲಾಗಿರುತ್ತದೆ, ಬೆರಳು ತೂರಿಸಲೂ ಜಾಗವಿರುವುದಿಲ್ಲ. ಇದು ಹೆಚ್ಚಾಗಿ ಕಾಣಿಸುವುದು ಅಗತ್ಯಕ್ಕಿಂತ ದೊಡ್ಡ ಜನರೇಟರ್ ಇರುವ ಬೋಟುಗಳಲ್ಲಿ. ಬೆಳಕು ಹಾಯಿಸಿ ಮೀನು ಹಿಡಿಯುವುದಕ್ಕೆಂದು ದೊಡ್ಡ ಯಂತ್ರ ಕೂರಿಸಿದವರಿದ್ದರು. 2017ರಲ್ಲಿ ಕೇಂದ್ರ ಸರ್ಕಾರ ಬೆಳಕು ಮೀನುಗಾರಿಕೆಯನ್ನು ನಿಷೇಧಿಸಿತು. ಅಂಥ ಯಂತ್ರದಿಂದ ನಾಲ್ಕು ಬಲ್ಬ್, ಒಂದು ಫ್ಯಾನ್, ಮೊಬೈಲ್ ಚಾರ್ಜರ್ ಓಡಿಸಿದರೆ ಎಂಜಿನ್ ತಕ್ಕಷ್ಟು ಬಿಸಿಯಾಗುವುದೇ ಇಲ್ಲ. ಅರೆಬೆಂದ ಡೀಸೆಲ್ ಅಂಟಂಟು ಮಸಿಯಾಗಿ ನಾಜಲ್, ವಾಲ್ವ್, ಹೊಗೆ ಕೊಳವೆ ಎಲ್ಲವನ್ನೂ ಹಿಡಿಯುತ್ತದೆ. ಸಾಮರ್ಥ್ಯದ ಮೂರನೇ ಒಂದು ಭಾಗವಾದರೂ ಹೊರೆ ಇರಬೇಕು. ಇಲ್ಲದಿದ್ದರೆ ಆಗಾಗ ನೀರು ಕಾಯಿಸುವ ಹೀಟರ್‌ನಂಥ ಭಾರಿ ಹೊರೆ ಕೊಟ್ಟು ಒಂದು ಗಂಟೆ ಓಡಿಸಿ.

ತಂತಿ ಮತ್ತು ಸ್ವಿಚ್

ನೀರು ಸರಿ, ಬಿಸಿಯೂ ಇಲ್ಲ, ಆದರೂ ಒಮ್ಮೆಲೇ ನಿಲ್ಲುತ್ತದೆ ಎಂದಾದರೆ ಸುಳ್ಳು ಹೇಳುತ್ತಿರುವ ಸ್ವಿಚ್ ಯಾವುದು ಎಂದು ನೋಡಬೇಕು. ಆಯಿಲ್ ಮಟ್ಟವನ್ನು ಮೊದಲು ನೋಡಿ. ಆಯಿಲ್ ಕಡಿಮೆ ಇದ್ದರೆ ಬೋಟು ಒಂದು ಮಗ್ಗುಲಿಗೆ ವಾಲಿದಾಗ ಪಂಪಿನ ಬಾಯಿ ಗಾಳಿಗೆ ತೆರೆದು ಒತ್ತಡ ಕುಸಿಯುತ್ತದೆ, ಸ್ವಿಚ್ ತನ್ನ ಕೆಲಸ ಮಾಡಿರುತ್ತದೆ. ಮಟ್ಟ ಸರಿಯಿದ್ದರೆ ಸ್ವಿಚ್ಚಿನ ಜಾಗಕ್ಕೆ ಮುಳ್ಳಿನ ಒತ್ತಡ ಮಾಪಕ ಕೂರಿಸಿ ನಿಜ ತಿಳಿಯಿರಿ. ಸ್ವಿಚ್ಚಿನ ತಂತಿ ಕಿತ್ತು ‘ನೇರ’ ಮಾಡಿ ಕಡಲಿಗೆ ಹೋಗುವ ಅಭ್ಯಾಸ ಎಲ್ಲ ಬಂದರುಗಳಲ್ಲೂ ಇದೆ. ಅದು ದುರಸ್ತಿಯಲ್ಲ. ಮಾಪಕ ಕಣ್ಣೆದುರಿಗಿದ್ದಾಗ, ಪರೀಕ್ಷೆಗೆಂದು, ಕೆಲವು ನಿಮಿಷ ಮಾಡಬಹುದು, ಅಷ್ಟೇ.

ಸ್ಟಾಪ್ ಸೊಲೆನಾಯ್ಡ್ ಎರಡು ಬಗೆಯದು. ಕರೆಂಟ್ ಕೊಟ್ಟರೆ ನಿಲ್ಲಿಸುವುದು ಒಂದು, ಕರೆಂಟ್ ಇರುವವರೆಗೆ ಮಾತ್ರ ಓಡಗೊಡುವುದು ಇನ್ನೊಂದು. ಎರಡನೆಯ ಬಗೆಯಿದ್ದರೆ ಒಂದು ಕ್ಷಣ ತಂತಿ ಬಿಟ್ಟರೂ ಯಂತ್ರ ನಿಲ್ಲುತ್ತದೆ. ಮಲ್ಟಿಮೀಟರನ್ನು ಸೊಲೆನಾಯ್ಡ್ ತುದಿಗೇ ಕಟ್ಟಿ, ಯಂತ್ರ ಓಡುತ್ತಿರುವಾಗ ತಂತಿಯ ಕಟ್ಟನ್ನು ಒಣ ಮರದ ಕಡ್ಡಿಯಿಂದ ಅಲ್ಲಲ್ಲಿ ಮೆಲ್ಲಗೆ ಅಲುಗಿಸಿ. ಬೆಲ್ಟ್‌ನಿಂದ ಕೈ ದೂರವಿರಲಿ. ಮುಳ್ಳು ಕುಸಿಯುವ ಜಾಗದಲ್ಲಿ ಪ್ಲಾಸ್ಟಿಕ್ ಹೊದಿಕೆ ಸುಲಿದರೆ ಒಳಗೆ ಹಸಿರು ಪುಡಿಯಾದ ತಾಮ್ರ ಸಿಗುತ್ತದೆ. ಅಲ್ಲಿಂದ ಎರಡೂ ಕಡೆ ಹೊಳೆಯುವ ತಾಮ್ರ ಸಿಗುವವರೆಗೆ ಕತ್ತರಿಸಿ, ತವರ ಲೇಪಿಸಿದ ತಂತಿಯಿಂದ ಜೋಡಿಸಿ. ಬ್ಯಾಟರಿಯ ನೆಗೆಟಿವ್ ಕೇಬಲ್ ಎಂಜಿನ್ ಮೈಗೆ ಸೇರುವ ಬೋಲ್ಟನ್ನೂ ಉಜ್ಜಿ. ಓಡುವಾಗ ಬ್ಯಾಟರಿಯಲ್ಲಿ 13.8ರಿಂದ 14.4 ವೋಲ್ಟ್ ಕಾಣಬೇಕು. 12ರ ಸುತ್ತಲೇ ನಿಂತು ಇಳಿಯುತ್ತಾ ಹೋದರೆ ಚಾರ್ಜಿಂಗ್ ಬೆಲ್ಟ್ ಜಾರುತ್ತಿದೆ, ಕೊನೆಗೆ ನಿಯಂತ್ರಣ ಪೆಟ್ಟಿಗೆಯೇ ಕೈಚೆಲ್ಲಿ ಯಂತ್ರ ನಿಲ್ಲಿಸುತ್ತದೆ.

ಎಂಜಿನ್ ಓಡುತ್ತಿದೆ, ಕರೆಂಟ್ ಇಲ್ಲ

ಬ್ರೇಕರ್ ಬಿದ್ದಿದೆಯೇ ಎಂದು ನೋಡುವುದು ಮೊದಲ ಕೆಲಸ. ನಗಬೇಡಿ, ಬಹಳ ಸಲ ಅಷ್ಟೇ ಇರುತ್ತದೆ. ಆಮೇಲೆ ಫ್ರೀಕ್ವೆನ್ಸಿ. ಕರೆಂಟ್ ಹುಟ್ಟಿಸುವ ಭಾಗವಾದ ನಾಲ್ಕು ಧ್ರುವದ ಆಲ್ಟರ್ನೇಟರ್ 1500 ಸುತ್ತಿಗೆ 50 ಹರ್ಟ್ಸ್ ಕೊಡುತ್ತದೆ. ಹೊರೆ ಇಲ್ಲದಾಗ 52ರ ಆಸುಪಾಸು, ಪೂರ್ಣ ಹೊರೆಯಲ್ಲಿ 50 ಇದ್ದರೆ ಸರಿ. 45ಕ್ಕೆ ಇಳಿದಿದ್ದರೆ ವೋಲ್ಟೇಜ್ ಕುಸಿಯುವುದು ಸಹಜ, ದೋಷ ಮತ್ತೆ ಡೀಸೆಲ್ ಅಥವಾ ಎಂಜಿನ್ ವೇಗ ಕಾಯುವ ಗವರ್ನರ್ ಕಡೆಗೇ ಮರಳುತ್ತದೆ.

ವೇಗ ಸರಿಯಿದ್ದು 230ರ ಬದಲು ಕೇವಲ ಕೆಲವು ವೋಲ್ಟ್ ತೋರಿಸಿದರೆ ವೋಲ್ಟೇಜನ್ನು ತಾನಾಗಿ ಹದದಲ್ಲಿಡುವ ಎ.ವಿ.ಆರ್. ಕೆಟ್ಟಿರಬಹುದು. ಏನೂ ತೋರಿಸದಿದ್ದರೆ ಬಹುಕಾಲ ಸುಮ್ಮನಿದ್ದ ಆಲ್ಟರ್ನೇಟರಿನ ಉಳಿಕೆ ಕಾಂತತೆ ಹೋಗಿರಬಹುದು. ಬ್ಯಾಟರಿಯಿಂದ ಕ್ಷಣಕಾಲ ಕರೆಂಟ್ ಕೊಟ್ಟು ಅದನ್ನು ಎಬ್ಬಿಸುತ್ತಾರೆ. ಆದರೆ ಪ್ಲಸ್ ಮೈನಸ್ ಅದಲುಬದಲಾದರೆ ಎ.ವಿ.ಆರ್. ಸುಟ್ಟುಹೋಗುತ್ತದೆ, ಹಾಗಾಗಿ ಆ ಮಾದರಿಯ ಕೈಪಿಡಿ ನೋಡದೆ ಇದಕ್ಕೆ ಹೋಗಬೇಡಿ. ಒದ್ದೆ ಡೆಕ್, ಉಪ್ಪು ಮೆತ್ತಿದ ಕೈ, 230 ವೋಲ್ಟ್ ಒಟ್ಟಿಗಿರುವ ಜಾಗ ಇದು. ಮುಚ್ಚಳ ಬಿಚ್ಚುವ ಮೊದಲು ಯಂತ್ರ ನಿಲ್ಲಿಸಿ, ಬ್ಯಾಟರಿ ಕೇಬಲ್ ಕಳಚಿ, ಧಕ್ಕೆಯಿಂದ ಎಳೆದ ಲೈನ್ ಇದ್ದರೆ ಅದನ್ನೂ ಕಿತ್ತಿಡಿ.

ಎ.ವಿ.ಆರ್. ಕೂಡ ಒಳ್ಳೆಯದಿದ್ದರೆ ಉಳಿದದ್ದು ಸುರುಳಿ. ಎ.ವಿ.ಆರ್. ತಂತಿಗಳನ್ನೆಲ್ಲ ಕಳಚಿ, 500 ವೋಲ್ಟ್ ಮೆಗ್ಗರ್‌ನಿಂದ (ಇನ್ಸುಲೇಷನ್ ಅಳೆಯುವ ಮೀಟರ್) ಸುರುಳಿ ಮತ್ತು ಮೈಯ ನಡುವೆ ಅಳೆಯಿರಿ. 1 ಮೆಗಾಓಮ್‌ಗಿಂತ ಕಡಿಮೆ ಬಂದರೆ ಕೂಡಲೇ ರಿವೈಂಡಿಂಗ್ (ಸುರುಳಿಯನ್ನು ಹೊಸದಾಗಿ ಸುತ್ತಿಸುವುದು) ಎಂದು ಕೈಬಿಡಬೇಡಿ. ಮಳೆಗಾಲದ ತೇವವೂ ಇದೇ ಓದು ಕೊಡುತ್ತದೆ. ಮುಚ್ಚಳ ತೆಗೆದಿಟ್ಟು, ಬೆಂಕಿಯ ಭಯವಿಲ್ಲದಂತೆ ಪಕ್ಕದಲ್ಲಿ ಒಂದು ಬಲ್ಬ್ ಉರಿಸಿ ಒಂದು ರಾತ್ರಿ ಒಣಗಿಸಿ ಮತ್ತೆ ಅಳೆಯಿರಿ. ಓದು ಏರುತ್ತಾ ಹೋದರೆ ಒಣಗಿಸುವುದನ್ನು ಮುಂದುವರಿಸಿ. ಏರದೆ ಅಲ್ಲೇ ನಿಂತರೆ ಆಲ್ಟರ್ನೇಟರನ್ನು ಇಳಿಸಿ ರಿವೈಂಡಿಂಗ್ ಅಂಗಡಿಗೆ ಕೊಡಿ. ಎಂಜಿನ್ ಬೋಟಿನಲ್ಲೇ ಇರಲಿ.